24 ದಿನದಲ್ಲಿ ‘ಮೆಸ್ಸೀಯ’ ಬರೆದ ಹ್ಯಾಂಡೆಲ್: 142 ಮಂದಿಯನ್ನು ಜೈಲಿನಿಂದ ಬಿಡಿಸಿದ ಸಂಗೀತದ ಕಥೆ

ಡಿಸೆಂಬರ್ ಬಂತೆಂದರೆ ಮುಂಬೈ, ಚೆನ್ನೈ, ಬೆಂಗಳೂರಿನ ಚರ್ಚುಗಳಲ್ಲಿ ಗಾಯನ ತಂಡಗಳ ತಾಲೀಮು ಶುರುವಾಗುತ್ತದೆ. ಆ ತಾಲೀಮಿನಲ್ಲಿ ಹಲ್ಲೆಲೂಯ ಕೋರಸ್ ಇರುವುದು ಹೆಚ್ಚುಕಡಿಮೆ ಖಚಿತ. ಅದರ ಮೊದಲ ಎರಡು ಸೆಕೆಂಡ್ ಕೇಳಿದರೆ ಸಾಕು, ಚರ್ಚಿನ ಮೆಟ್ಟಿಲು ಹತ್ತದವರಿಗೂ ಇದನ್ನು ಎಲ್ಲೋ ಕೇಳಿದ್ದೇವಲ್ಲ ಅನಿಸುತ್ತದೆ. ಜಾಹೀರಾತಿನಲ್ಲೋ, ಸಿನಿಮಾದಲ್ಲೋ, ಯಾರದ್ದೋ ಮೊಬೈಲ್ ರಿಂಗ್‌ಟೋನ್‌ನಲ್ಲೋ.

ಆದರೆ ಈ ಸಂಗೀತ ಹುಟ್ಟಿದ್ದು ಕ್ರಿಸ್‌ಮಸ್‌ಗಾಗಿ ಅಲ್ಲ. 1741ರ ಆಗಸ್ಟ್‌ನಲ್ಲಿ, ಲಂಡನ್ನಿನ ಪ್ರೇಕ್ಷಕರು ಕೈಬಿಟ್ಟಿದ್ದ 56 ವರ್ಷದ ಜರ್ಮನ್ ಮೂಲದ ಸಂಗೀತಗಾರರೊಬ್ಬರು ಅದನ್ನು ಬರೆದರು. ಮೊದಲ ಪ್ರದರ್ಶನ ನಡೆದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಂದು ಸಂಗ್ರಹವಾದ ಹಣದಲ್ಲಿ ಸಾಲ ತೀರಿಸಲಾಗದೆ ಜೈಲು ಸೇರಿದ್ದ 142 ಮಂದಿ ಬಿಡುಗಡೆಯಾದರು.

ಆ ಸಂಗೀತಗಾರ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್. ಕೃತಿಯ ಹೆಸರು ‘ಮೆಸ್ಸೀಯ’.

ವಕೀಲನಾಗಬೇಕಿದ್ದ ಹುಡುಗ

ಹ್ಯಾಂಡೆಲ್ ಹುಟ್ಟಿದ್ದು 1685ರ ಫೆಬ್ರವರಿ 23ರಂದು, ಜರ್ಮನಿಯ ಹಾಲೆ ಪಟ್ಟಣದಲ್ಲಿ. ಮಗ ಹುಟ್ಟುವಾಗ ತಂದೆಗೆ 60 ದಾಟಿತ್ತು. ಅವರದು ಕ್ಷೌರ ಮತ್ತು ಶಸ್ತ್ರಚಿಕಿತ್ಸೆ ಎರಡೂ ಕಲೆತ ವೃತ್ತಿ. ಆ ಕಾಲದ ಯುರೋಪಿನಲ್ಲಿ ಗಡ್ಡ ತೆಗೆಯುವವರೇ ಗಾಯ ಕೊಯ್ದು ಹೊಲಿಯುತ್ತಿದ್ದರು. ತಾಯಿ ಲೂಥರನ್ ಪಾದ್ರಿಯೊಬ್ಬರ ಮಗಳು. ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲ, ಮಗ ಕಾನೂನು ಓದಲಿ ಎಂಬುದು ತಂದೆಯ ಹಟ. ಹುಡುಗ ಅಟ್ಟದಲ್ಲಿ ಪುಟ್ಟ ಕೀಲಿಮಣೆ ವಾದ್ಯವೊಂದನ್ನು ಬಚ್ಚಿಟ್ಟುಕೊಂಡು ರಾತ್ರಿ ಹೊತ್ತು ಅಭ್ಯಾಸ ಮಾಡುತ್ತಿದ್ದ ಎಂಬ ಕಥೆ ಅವರ ಮೊದಲ ಜೀವನಚರಿತ್ರೆಯಲ್ಲೇ ಇದೆ. ಕೊನೆಗೆ ವೈಸನ್‌ಫೆಲ್ಸ್‌ನ ಡ್ಯೂಕ್ ಹುಡುಗನ ಆರ್ಗನ್ ವಾದನ ಕೇಳಿ, ಇವನಿಗೆ ಸಂಗೀತ ಕಲಿಸಿ ಎಂದು ತಂದೆಗೆ ಬುದ್ಧಿ ಹೇಳಬೇಕಾಯಿತು. ಊರಿನ ಚರ್ಚಿನ ಆರ್ಗನ್ ವಾದಕ ಜಾಖೋವ್ ಗುರುವಾದರು.

18ರ ಹರೆಯದಲ್ಲಿ ಹ್ಯಾಂಡೆಲ್ ಹ್ಯಾಂಬರ್ಗ್‌ಗೆ ಹೋದರು. ಅಲ್ಲಿ ಒಪೆರಾ ನಡೆಯುವಾಗಲೇ ವಾದ್ಯದ ಮುಂದೆ ಯಾರು ಕೂರಬೇಕು ಎಂಬ ಜಗಳ ಗೆಳೆಯ ಮ್ಯಾಥೆಸನ್ ಜೊತೆ ಕತ್ತಿ ಕಾಳಗದವರೆಗೂ ಹೋಯಿತು. ಗೆಳೆಯನ ಕತ್ತಿ ಕೋಟಿನ ಗುಂಡಿಗೆ ತಾಗಿ ಮುರಿದ ಕಾರಣ ಹ್ಯಾಂಡೆಲ್ ಬದುಕಿಕೊಂಡರು. 1706ರಿಂದ 1710ರವರೆಗೆ ಇಟಲಿಯಲ್ಲಿದ್ದರು. ಕ್ರಿಸ್‌ಮಸ್ ಸಮಯದಲ್ಲಿ ಬೆಟ್ಟದ ಕುರಿಗಾಹಿಗಳು ರೋಮ್ ನಗರಕ್ಕೆ ಇಳಿದು ಬಂದು ಬೀದಿಗಳಲ್ಲಿ ಕೊಳಲು, ಚೀಲವಾದ್ಯ ನುಡಿಸುತ್ತಿದ್ದ ಕಾಲವದು. ಆ ಸದ್ದು 30 ವರ್ಷಗಳ ನಂತರ ಅವರ ಕೈಬರಹದಲ್ಲಿ ಮತ್ತೆ ಕಾಣಿಸಿಕೊಳ್ಳಲಿದೆ.

1711ರಲ್ಲಿ ಲಂಡನ್‌ನಲ್ಲಿ ‘ರಿನಾಲ್ಡೊ’ ಒಪೆರಾ ಭರ್ಜರಿ ಹಿಟ್ ಆಯಿತು. ಮುಂದಿನ 30 ವರ್ಷ ಹ್ಯಾಂಡೆಲ್ ಇಂಗ್ಲೆಂಡಿಗೆ ಇಟಾಲಿಯನ್ ಒಪೆರಾ ಬಡಿಸುತ್ತಲೇ ಇದ್ದರು. ರಾಜನ ದೋಣಿವಿಹಾರಕ್ಕೆ ‘ವಾಟರ್ ಮ್ಯೂಸಿಕ್’ ಬರೆದರು. 1723ರಲ್ಲಿ ಬ್ರೂಕ್ ಸ್ಟ್ರೀಟ್‌ನಲ್ಲಿ ಮನೆ ಹಿಡಿದರು. 1727ರಲ್ಲಿ ಬ್ರಿಟಿಷ್ ಪ್ರಜೆಯಾದರು. ಆದರೆ ಅರ್ಥವಾಗದ ಭಾಷೆಯ ಹಾಡು, ದುಬಾರಿ ಇಟಾಲಿಯನ್ ಗಾಯಕರು, ತಾರೆಯರ ಜಗಳ ಎಲ್ಲವೂ ಜನರಿಗೆ ಸಾಕಾಗತೊಡಗಿತ್ತು. ಅವರಿಗೆ ಎದುರಾಗಿ ಇನ್ನೊಂದು ಒಪೆರಾ ಕಂಪನಿಯೂ ಹುಟ್ಟಿಕೊಂಡಿತು. ಪೈಪೋಟಿಯಲ್ಲಿ ಎರಡೂ ಸೊರಗಿದವು. 1737ರ ಏಪ್ರಿಲ್‌ನಲ್ಲಿ ಹ್ಯಾಂಡೆಲ್‌ಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಜರ್ಮನಿಯ ಆಖೆನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ ಪಡೆದು ಚೇತರಿಸಿಕೊಂಡು ಬಂದರು. 1741ರ ಜನವರಿಯಲ್ಲಿ ತೆರೆಕಂಡ ಕೊನೆಯ ಒಪೆರಾ ಮೂರೇ ಪ್ರದರ್ಶನಕ್ಕೆ ನಿಂತುಹೋಯಿತು. ಹ್ಯಾಂಡೆಲ್ ಇಂಗ್ಲೆಂಡ್ ಬಿಟ್ಟು ಹೋಗುತ್ತಾರಂತೆ ಎಂಬ ಗುಲ್ಲು ಲಂಡನ್‌ನಲ್ಲಿ ಹಬ್ಬಿತು.

ಆಗ ಅವರು ಬೀದಿಗೆ ಬಿದ್ದಿದ್ದರು ಎಂದು ಹಲವು ಕಡೆ ಬರೆಯುತ್ತಾರೆ. ಅದು ಅತಿಶಯೋಕ್ತಿ. ಮನೆ ಇತ್ತು, ಅರಮನೆಯ ಪಿಂಚಣಿ ಇತ್ತು. ಇಲ್ಲದಿದ್ದದ್ದು ಕೇಳುವ ಜನ.

ತಮ್ಮನನ್ನು ಕಳೆದುಕೊಂಡ ಶ್ರೀಮಂತ

ಇದೇ ಹೊತ್ತಿಗೆ ಚಾರ್ಲ್ಸ್ ಜೆನೆನ್ಸ್ ಎಂಬ ಜಮೀನ್ದಾರರು ಹ್ಯಾಂಡೆಲ್‌ಗೆ ಒಂದು ಪಠ್ಯ ಕೊಟ್ಟರು. ಅದರಲ್ಲಿ ಜೆನೆನ್ಸ್ ತಾವಾಗಿ ಬರೆದ ಸಾಲುಗಳಿರಲಿಲ್ಲ. ಎಲ್ಲವೂ ಬೈಬಲ್‌ನಿಂದ ಆರಿಸಿ ಜೋಡಿಸಿದ ವಚನಗಳು, ಅದರಲ್ಲೂ ಹೆಚ್ಚಿನವು ಹಳೆಯ ಒಡಂಬಡಿಕೆಯವು.

ಜೆನೆನ್ಸ್ ಈ ಕೆಲಸಕ್ಕೆ ಕೈ ಹಾಕಿದ್ದರ ಹಿಂದೆ ಮನೆಯ ದುಃಖವೊಂದಿತ್ತು ಎಂದು ಹಲವು ವಿದ್ವಾಂಸರು ನಂಬುತ್ತಾರೆ. ದೇವರು ಲೋಕವನ್ನು ಸೃಷ್ಟಿಸಿರಬಹುದು, ಆದರೆ ಪ್ರವಾದನೆ, ಪವಾಡ, ರಕ್ಷಕ ಎಲ್ಲ ಸುಳ್ಳು ಎನ್ನುವ ವಾದ ಆಗಿನ ಇಂಗ್ಲೆಂಡಿನ ಓದಿದವರ ವಲಯದಲ್ಲಿ ಜೋರಾಗಿತ್ತು. ಜೆನೆನ್ಸ್ ಅವರ ತಮ್ಮ ರಾಬರ್ಟ್ ಅಂಥ ವಾದಿಯೊಬ್ಬರೊಂದಿಗೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದರು. ನಂಬಿಕೆ ಕಳೆದುಕೊಂಡು 1728ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅಣ್ಣನ ಪಾಲಿಗೆ ಮೆಸ್ಸೀಯನ ಭರವಸೆ ಎಂಬುದು ಚರ್ಚೆಯ ವಿಷಯವಾಗಿ ಉಳಿದಿರಲಿಲ್ಲ.

ಮೆಸ್ಸೀಯ ಎಂದರೆ ಅಭಿಷಿಕ್ತ, ಎಣ್ಣೆ ಹಚ್ಚಿ ಪಟ್ಟಕ್ಕೆ ಏರಿಸಿದವನು. ಕ್ರಿಸ್ತ ಎಂಬುದೂ ಅದೇ ಅರ್ಥದ ಗ್ರೀಕ್ ಪದ. ಈ ನಿರೀಕ್ಷೆಯ ಅತಿ ಪ್ರಸಿದ್ಧ ಮಾತುಗಳು ಇರುವುದು ಪ್ರವಾದಿ ಯೆಶಾಯನ ಗ್ರಂಥದಲ್ಲಿ. ಯೆಶಾಯ ಬದುಕಿದ್ದು ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ, ಅಶ್ಶೂರದ ಸೈನ್ಯ ಒಂದೊಂದೇ ನಾಡನ್ನು ನುಂಗುತ್ತಿದ್ದ ಕಾಲದಲ್ಲಿ. ಉತ್ತರದ ಗಲಿಲಾಯ ಸೀಮೆ ಆ ದಾಳಿಗೆ ಮೊದಲು ತುತ್ತಾದ ಪ್ರದೇಶಗಳಲ್ಲೊಂದು. ಕತ್ತಲಲ್ಲಿ ನಡೆಯುವ ಆ ಜನಕ್ಕೆ ಬೆಳಕು ಕಾಣಿಸುತ್ತದೆ, ಒಂದು ಮಗು ಹುಟ್ಟುತ್ತದೆ, ಅದರ ಹೆಗಲ ಮೇಲೆ ಆಡಳಿತ ಇರುತ್ತದೆ, ಅದರ ಹೆಸರುಗಳಲ್ಲೊಂದು ಶಾಂತಿಯ ಅರಸು ಎಂದಾಗಿರುತ್ತದೆ ಎಂಬುದು ಪ್ರವಾದಿಯ ಮಾತಿನ ಸಾರ. ಯೆಹೂದಿ ಸಂಪ್ರದಾಯದ ಹಲವು ವ್ಯಾಖ್ಯಾನಕಾರರು ಆ ಮಗುವನ್ನು ಅಂದಿನ ರಾಜ ಹಿಜ್ಕೀಯ ಎಂದು ಓದುತ್ತಾರೆ. ಕ್ರೈಸ್ತರಿಗೆ ಅದು ಏಳು ಶತಮಾನಗಳ ನಂತರ ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸು. ಗಲಿಲಾಯವೇ ಆತ ಬೋಧಿಸಿದ ನಾಡು ಎಂಬುದು ಅವರಿಗೆ ಕಾಕತಾಳೀಯವಲ್ಲ.

ಜೆನೆನ್ಸ್ ಮಾಡಿದ ಜಾಣ ಕೆಲಸವೆಂದರೆ ಯೇಸುವಿನ ಕಥೆಯನ್ನು ನೇರವಾಗಿ ಹೇಳದಿರುವುದು. ಮೊದಲ ಭಾಗದಲ್ಲಿ ಕಾಯುವಿಕೆ ಮತ್ತು ಜನನ, ಎರಡನೆಯದರಲ್ಲಿ ಯಾತನೆ ಮತ್ತು ಪುನರುತ್ಥಾನ, ಮೂರನೆಯದರಲ್ಲಿ ಸಾವಿನ ಸೋಲು. ಕುರುಬರಿಗೆ ದೇವದೂತ ಕಾಣಿಸಿಕೊಳ್ಳುವ ಒಂದು ಘಟನೆ ಬಿಟ್ಟರೆ ಇಡೀ ಕೃತಿಯಲ್ಲಿ ಪಾತ್ರಗಳಿಲ್ಲ, ಸಂಭಾಷಣೆ ಇಲ್ಲ. ನೆರವೇರಿದ ಘಟನೆಗಿಂತ ಕೊಟ್ಟ ಮಾತಿಗೇ ಇಲ್ಲಿ ಹೆಚ್ಚು ಜಾಗ.

24 ದಿನ

1741ರ ಆಗಸ್ಟ್ 22ರಂದು ಹ್ಯಾಂಡೆಲ್ ಬರೆಯಲು ಕುಳಿತರು. ಸೆಪ್ಟೆಂಬರ್ 14ಕ್ಕೆ ಮುಗಿಸಿದರು. ಎರಡು ಗಂಟೆಗೂ ಮೀರಿದ ಸಂಗೀತ, 24 ದಿನ. ಊಟದ ತಟ್ಟೆ ಮುಟ್ಟಲಿಲ್ಲ, ಹಲ್ಲೆಲೂಯ ಬರೆಯುವಾಗ ಕಣ್ಣೀರಿಟ್ಟು ಸ್ವರ್ಗವೇ ಕಂಡಿತು ಎಂದರು ಎಂಬ ಕಥೆಗಳಿವೆ. ಅವುಗಳಿಗೆ ಆ ಕಾಲದ ದಾಖಲೆ ಇಲ್ಲ. ಹ್ಯಾಂಡೆಲ್ ಯಾವಾಗಲೂ ಹೀಗೇ ವೇಗವಾಗಿ ಬರೆಯುತ್ತಿದ್ದವರು. ಇದನ್ನು ಮುಗಿಸಿದ ಬೆನ್ನಲ್ಲೇ ‘ಸಾಮ್ಸನ್’ ಎಂಬ ಇನ್ನೊಂದು ದೊಡ್ಡ ಕೃತಿ ಶುರುಮಾಡಿ ಕೆಲವೇ ವಾರಗಳಲ್ಲಿ ಕರಡು ಮುಗಿಸಿದ್ದರು.

ಇನ್ನೊಂದು ಸಂಗತಿ ಭಕ್ತರಿಗೆ ಸ್ವಲ್ಪ ಇರುಸುಮುರುಸು ತರಬಹುದು. ಮಗು ಹುಟ್ಟಿತು, ಅದು ಶಾಂತಿಯ ಅರಸು ಎಂದು ಸಾರುವ ಕೋರಸ್‌ನ ರಾಗ ಮೂಲತಃ ಭಕ್ತಿಗೀತೆಯದ್ದಲ್ಲ. ಅದೇ ಜುಲೈನಲ್ಲಿ ಹ್ಯಾಂಡೆಲ್ ಬರೆದಿದ್ದ ಇಟಾಲಿಯನ್ ಯುಗಳ ಗೀತೆಯದ್ದು. ಕುರುಡು ಪ್ರೇಮವೇ, ಇನ್ನು ನಿನ್ನನ್ನು ನಂಬಲಾರೆ ಎಂಬ ಅರ್ಥದ ಹಾಡು! ತಮ್ಮದೇ ಹಳೆಯ ರಾಗವನ್ನು ಹೊಸ ಸಾಹಿತ್ಯಕ್ಕೆ ಕೂರಿಸುವುದು ಆಗ ತಪ್ಪಾಗಿರಲಿಲ್ಲ. ಕೇಳಿದರೆ ಮಾತ್ರ ಆ ರಾಗ ಈ ಮಗುವಿಗಾಗಿಯೇ ಹುಟ್ಟಿದಂತಿದೆ.

ಕತ್ತಲೆ-ಬೆಳಕನ್ನು ಹ್ಯಾಂಡೆಲ್ ಸ್ವರದಲ್ಲಿ ಹೇಗೆ ಹೇಳಿದ್ದಾರೆ ಎಂಬುದನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಕತ್ತಲಲ್ಲಿ ನಡೆಯುವ ಜನರ ಹಾಡನ್ನು ಕೊಟ್ಟಿರುವುದು ಗಂಡಸಿನ ಅತಿ ಕೆಳಗಿನ ದನಿಗೆ. ರಾಗ ನೇರವಾಗಿ ಹೋಗುವುದಿಲ್ಲ. ಕರೆಂಟ್ ಹೋದ ಮನೆಯಲ್ಲಿ ಗೋಡೆ ತಡವರಿಸುತ್ತ ನಡೆದಂತೆ ಅರ್ಧರ್ಧ ಸ್ವರ ಸರಿಯುತ್ತ, ತಿರುಗುತ್ತ, ಹಿಂದೆ ಬರುತ್ತ ಸಾಗುತ್ತದೆ. ಬೆಳಕಿನ ಮಾತು ಬಂದಾಗ ದಾರಿ ಸಿಕ್ಕಂತೆ ಮೇಲಕ್ಕೆ ಏರುತ್ತದೆ. ಅದರ ಬೆನ್ನಿಗೇ ಮಗುವಿನ ಕೋರಸ್. ನಂತರ ವಾದ್ಯಗಳಷ್ಟೇ ನುಡಿಯುವ ಒಂದು ಪುಟ್ಟ ಜೋಗುಳದಂಥ ಭಾಗ. ರೋಮ್‌ನ ಬೀದಿಗಳಲ್ಲಿ ಕುರಿಗಾಹಿಗಳು ನುಡಿಸುತ್ತಿದ್ದ ಸಂಗೀತದ ನೆನಪು ಅದು. ದೇವದೂತರು ಹಾಡುವಾಗ ತುತ್ತೂರಿಗಳು ಮೊದಲ ಬಾರಿಗೆ ಕೇಳಿಸುತ್ತವೆ, ಅದೂ ಮೆಲ್ಲಗೆ, ದೂರದಿಂದ ಬಂದಂತೆ. ಭೂಮಿಯ ಮೇಲೆ ಶಾಂತಿ ಎಂಬಲ್ಲಿ ಗಂಡು ದನಿಗಳು ಒಮ್ಮೆಲೇ ಕೆಳಗಿಳಿದು ಎಲ್ಲ ತಣ್ಣಗಾಗುತ್ತದೆ.

ಈ ಪ್ರಕಾರಕ್ಕೆ ಒರಟೋರಿಯೊ ಎಂದು ಹೆಸರು. ಯಕ್ಷಗಾನದಿಂದ ವೇಷ, ಕುಣಿತ ತೆಗೆದರೆ ತಾಳಮದ್ದಳೆ ಉಳಿಯುತ್ತದಲ್ಲ, ಒಪೆರಾಕ್ಕೂ ಒರಟೋರಿಯೊಗೂ ಹೆಚ್ಚುಕಡಿಮೆ ಅದೇ ಸಂಬಂಧ. ರಂಗಸಜ್ಜಿಕೆ ಇಲ್ಲ, ಅಭಿನಯ ಇಲ್ಲ, ನಿಂತು ಹಾಡುವುದಷ್ಟೇ. ಭಾಷೆಯೂ ಇಂಗ್ಲಿಷ್.

ಮೀನುಪೇಟೆಯ ಬೀದಿಯಲ್ಲಿ

ಕೃತಿ ಲಂಡನ್‌ನಲ್ಲೇ ಮೊದಲು ಕೇಳಿಸಬೇಕು ಎಂಬುದು ಜೆನೆನ್ಸ್ ಆಸೆಯಾಗಿತ್ತು. ಹ್ಯಾಂಡೆಲ್ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಡಬ್ಲಿನ್‌ಗೆ ಹೊರಟರು. ಐರ್ಲೆಂಡಿನ ರಾಜಪ್ರತಿನಿಧಿ ಡೆವನ್‌ಶೈರ್ ಡ್ಯೂಕ್ ಆಹ್ವಾನ ಕಳಿಸಿದ್ದರು. ನವೆಂಬರ್ 18ರಂದು ತಲುಪಿದ ಹ್ಯಾಂಡೆಲ್‌ಗೆ ಅಲ್ಲಿ ಸಿಕ್ಕ ಸ್ವಾಗತ ಲಂಡನ್‌ನ ಬೇಸರವನ್ನು ಮರೆಸುವಂತಿತ್ತು. ಕಛೇರಿಗಳ ಟಿಕೆಟ್ ಮುಂಗಡವಾಗಿಯೇ ಖರ್ಚಾದವು.

‘ಮೆಸ್ಸೀಯ’ ಪ್ರದರ್ಶನವನ್ನು ಧರ್ಮಾರ್ಥವಾಗಿ ನಡೆಸಲು ತೀರ್ಮಾನವಾಯಿತು. ಕೋರಸ್‌ಗೆ ಡಬ್ಲಿನ್‌ನ ಎರಡು ದೊಡ್ಡ ಚರ್ಚುಗಳ ಗಾಯಕರು ಬೇಕು. ಒಂದು ಚರ್ಚಿನ ಮುಖ್ಯಸ್ಥರು ಬೇರೆ ಯಾರೂ ಅಲ್ಲ, ‘ಗಲಿವರನ ಪ್ರವಾಸ’ ಬರೆದ ಜೋನಾಥನ್ ಸ್ವಿಫ್ಟ್. ವಯಸ್ಸಾಗಿ ಮನಸ್ಸಿನ ಹಿಡಿತ ಸಡಿಲವಾಗುತ್ತಿದ್ದ ಸ್ವಿಫ್ಟ್, ತಮ್ಮ ಗಾಯಕರು ಪಿಟೀಲು ಬಾರಿಸುವವರ ಜೊತೆ ಹಾಡಕೂಡದು ಎಂದು ಹಟ ಹಿಡಿದರು. ಆಮೇಲೆ ಒಪ್ಪಿದರು.

1742ರ ಏಪ್ರಿಲ್ 13, ಮಧ್ಯಾಹ್ನ 12 ಗಂಟೆ. ಸ್ಥಳ ಫಿಶಾಂಬಲ್ ಸ್ಟ್ರೀಟ್, ಹೆಸರೇ ಹೇಳುವಂತೆ ಹಿಂದೆ ಮೀನುಪೇಟೆಯಿದ್ದ ಬೀದಿ. 600 ಮಂದಿ ಹಿಡಿಸುವ ಸಭಾಂಗಣಕ್ಕೆ 700 ಮಂದಿ ಬಂದರು. ಜಾಗ ಸಾಲದೆಂದು ಮಹಿಳೆಯರು ಲಂಗದೊಳಗಿನ ಅಗಲ ಬಳೆಗಳನ್ನು ಬಿಟ್ಟು ಬರಬೇಕು, ಗಂಡಸರು ಸೊಂಟದ ಕತ್ತಿ ಮನೆಯಲ್ಲಿಟ್ಟು ಬರಬೇಕು ಎಂದು ಮೊದಲೇ ಪತ್ರಿಕೆಯಲ್ಲಿ ವಿನಂತಿ ಮಾಡಲಾಗಿತ್ತು. ಶಾಂತಿಯ ಅರಸನ ಹಾಡು ಕೇಳಲು ಜನ ಕತ್ತಿ ಕೆಳಗಿಟ್ಟು ಬಂದರು ಎಂದರೆ ಕಟ್ಟುಕಥೆಯಂತೆ ಕೇಳಿಸುತ್ತದೆ, ಆದರೆ ಕಾರಣ ಮಾತ್ರ ಜಾಗದ ಅಭಾವ.

ಅಂದು ಹಾಡಿದವರಲ್ಲಿ ಸುಸಾನಾ ಸಿಬ್ಬರ್ ಎಂಬ ನಟಿಯೂ ಇದ್ದರು. ಅವರ ಗಂಡ ಹಣದಾಸೆಗೆ ತಾನೇ ಹೆಂಡತಿಯನ್ನು ಶ್ರೀಮಂತನೊಬ್ಬನ ಕಡೆಗೆ ತಳ್ಳಿ, ಆಮೇಲೆ ಆ ಶ್ರೀಮಂತನ ಮೇಲೆ 5,000 ಪೌಂಡ್ ಪರಿಹಾರದ ದಾವೆ ಹೂಡಿದ್ದ. ಕೋರ್ಟ್ ಅವನ ಯೋಗ್ಯತೆ ನೋಡಿ 10 ಪೌಂಡ್ ಕೊಡಿಸಿತು. ಆದರೆ ಮಂಚದ ವಿವರಗಳೆಲ್ಲ ಅಚ್ಚಾಗಿ ಬೀದಿಯಲ್ಲಿ ಮಾರಾಟವಾದವು, ಮಾನ ಹೋದದ್ದು ಹೆಂಗಸಿನದು. ಲಂಡನ್ ಬಿಟ್ಟು ಡಬ್ಲಿನ್‌ಗೆ ಬಂದಿದ್ದ ಸಿಬ್ಬರ್‌ಗೆ ಹ್ಯಾಂಡೆಲ್ ಹಾಡಲು ಕೊಟ್ಟಿದ್ದು, ಜನರಿಂದ ತಿರಸ್ಕೃತನಾಗಿ ನೋವು ಉಂಡ ಮೆಸ್ಸೀಯನ ಹಾಡು. ಸಭೆಯಲ್ಲಿದ್ದ ಪಾದ್ರಿಯೊಬ್ಬರು ತಡೆಯಲಾರದೆ, ಈ ಹಾಡಿಗಾಗಿ ಆಕೆಯ ಪಾಪಗಳೆಲ್ಲ ಮನ್ನಾ ಆಗಲಿ ಎಂದು ಕೂಗಿದರಂತೆ. ಪಾಪ ಯಾರದಾಗಿತ್ತು ಎಂದು ಯಾರೂ ಕೇಳಿದಂತಿಲ್ಲ.

ಅಂದು ಸುಮಾರು 400 ಪೌಂಡ್ ಸಂಗ್ರಹವಾಯಿತು. ಎರಡು ಧರ್ಮಾಸ್ಪತ್ರೆಗಳಿಗೆ ಒಂದೊಂದು ಪಾಲು, ಸಾಲಗಾರ ಕೈದಿಗಳಿಗೆ ಇನ್ನೊಂದು ಪಾಲು. ಆಗಿನ ಕಾನೂನಿನಲ್ಲಿ ಸಣ್ಣ ಸಾಲಕ್ಕೂ ಜೈಲು. ಒಳಗಿದ್ದವನು ದುಡಿಯಲಾರ, ದುಡಿಯದವನು ಸಾಲ ತೀರಿಸಲಾರ. ಹೊರಗಿನವರು ಯಾರಾದರೂ ಹಣ ಕಟ್ಟಿದರಷ್ಟೇ ಬಾಗಿಲು ತೆರೆಯುತ್ತಿತ್ತು. 142 ಮಂದಿಗೆ ಆ ಬಾಗಿಲು ತೆರೆಯಿತು.

ಲಂಡನ್ ಒಪ್ಪಲಿಲ್ಲ

1743ರ ಮಾರ್ಚ್‌ನಲ್ಲಿ ಕೃತಿ ಲಂಡನ್‌ಗೆ ಬಂದಾಗ ವಿವಾದ ಕಾದಿತ್ತು. ದೇವರ ವಾಕ್ಯವನ್ನು ನಾಟಕಶಾಲೆಯಲ್ಲಿ, ನಟ-ನಟಿಯರ ಬಾಯಲ್ಲಿ ಹಾಡಿಸುವುದು ಸರಿಯೇ ಎಂದು ಪತ್ರಿಕೆಗಳಲ್ಲಿ ಆಕ್ಷೇಪ ಎದ್ದಿತು. ಹ್ಯಾಂಡೆಲ್ ಜಾಹೀರಾತಿನಲ್ಲಿ ಕೃತಿಯ ಹೆಸರನ್ನೇ ಹಾಕಲಿಲ್ಲ. ಜೆನೆನ್ಸ್‌ಗೂ ಸಮಾಧಾನವಿಲ್ಲ, ಹ್ಯಾಂಡೆಲ್ ಅವಸರದಲ್ಲಿ ಬರೆದು ತಮ್ಮ ಪಠ್ಯಕ್ಕೆ ನ್ಯಾಯ ಕೊಡಲಿಲ್ಲ ಎಂಬ ಕೊರಗು. ಹಲ್ಲೆಲೂಯ ಕೇಳಿ ರಾಜ ಎರಡನೇ ಜಾರ್ಜ್ ಎದ್ದು ನಿಂತ, ಅಂದಿನಿಂದ ಎಲ್ಲರೂ ನಿಲ್ಲುತ್ತಾರೆ ಎಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ರಾಜ ಅಲ್ಲಿಗೆ ಬಂದಿದ್ದ ಎನ್ನುವುದಕ್ಕೇ ಆ ಕಾಲದ ಸಾಕ್ಷ್ಯವಿಲ್ಲ.

ಕೃತಿಯ ಹಣೆಬರಹ ಬದಲಾದದ್ದು ಅನಾಥ ಮಕ್ಕಳಿಂದ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ಲಂಡನ್ನಿನ ಕಸದ ಗುಂಡಿಗಳ ಪಕ್ಕ ಹಸುಗೂಸುಗಳು ಬಿದ್ದಿರುವುದನ್ನು ನೋಡಿ ವರ್ಷಗಟ್ಟಲೆ ಅಲೆದು 1739ರಲ್ಲಿ ಫೌಂಡ್ಲಿಂಗ್ ಆಸ್ಪತ್ರೆಗೆ ರಾಜಾಜ್ಞೆ ಪಡೆದಿದ್ದರು. ಹೆಸರು ಆಸ್ಪತ್ರೆ, ಕೆಲಸ ಅನಾಥಾಲಯದ್ದು. ಮೊದಲ ಮಕ್ಕಳು ಸೇರಿದ್ದು 1741ರಲ್ಲಿ, ‘ಮೆಸ್ಸೀಯ’ ಬರೆದ ವರ್ಷವೇ. ತರುವ ತಾಯಂದಿರು ಹೆಚ್ಚು, ಇರುವ ಜಾಗ ಕಡಿಮೆ. ಹೀಗಾಗಿ ಚೀಲದಿಂದ ಬಣ್ಣದ ಚೆಂಡು ಎತ್ತಿಸುತ್ತಿದ್ದರು. ಬಿಳಿ ಬಂದರೆ ಮಗು ಒಳಗೆ, ಕಪ್ಪು ಬಂದರೆ ವಾಪಸ್, ಕೆಂಪಾದರೆ ಕಾಯಬೇಕು. ಎಂದಾದರೂ ಬಂದು ಗುರುತು ಹಿಡಿಯಲೆಂದು ತಾಯಂದಿರು ಮಗುವಿನ ಜೊತೆ ಒಂದು ತುಂಡು ಬಟ್ಟೆಯನ್ನೋ ಅರ್ಧ ನಾಣ್ಯವನ್ನೋ ಬಿಟ್ಟು ಹೋಗುತ್ತಿದ್ದರು.

ಮದುವೆಯಾಗದ, ಮಕ್ಕಳಿಲ್ಲದ ಹ್ಯಾಂಡೆಲ್ ಆ ಸಂಸ್ಥೆಯ ಪ್ರಾರ್ಥನಾಲಯಕ್ಕೆ ಆರ್ಗನ್ ಕೊಟ್ಟರು. 1750ರ ಮೇ 1ರಂದು ಅಲ್ಲಿ ‘ಮೆಸ್ಸೀಯ’ ಹಾಡಿಸಿದರು. ಜಾಗ ಸಿಗದೆ ಎಷ್ಟು ಜನ ಹಿಂದಿರುಗಿದರೆಂದರೆ ಎರಡು ವಾರದಲ್ಲಿ ಮತ್ತೆ ಹಾಡಿಸಬೇಕಾಯಿತು. ಅಲ್ಲಿಂದಾಚೆ ಪ್ರತಿ ವರ್ಷ ಅದು ನಡೆಯಿತು. ಹ್ಯಾಂಡೆಲ್ ಬದುಕಿದ್ದಷ್ಟು ಕಾಲದ ಪ್ರದರ್ಶನಗಳಿಂದಲೇ ಸಂಸ್ಥೆಗೆ ಸುಮಾರು 7,000 ಪೌಂಡ್ ಬಂತು ಎಂದು ಆ ಶತಮಾನದ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಲೆಕ್ಕ ಕೊಟ್ಟಿದ್ದಾರೆ. ನಾಟಕಶಾಲೆಯಲ್ಲಿ ಅಪವಿತ್ರ ಎನಿಸಿಕೊಂಡಿದ್ದು ಮಕ್ಕಳ ಹೆಸರಿನಲ್ಲಿ ಪವಿತ್ರವಾಯಿತು.

ಹಾಗೆಂದು ಹ್ಯಾಂಡೆಲ್‌ರನ್ನು ಸಂತನ ಪೀಠದಲ್ಲಿ ಕೂರಿಸುವಂತಿಲ್ಲ. ಊಟದಲ್ಲಿ ಹೊಟ್ಟೆಬಾಕ, ಕೋಪ ಬಂದರೆ ಗಾಯಕಿಯರನ್ನೂ ಬಿಡದ ಮನುಷ್ಯ. ಅದು ಹೋಗಲಿ. ಆಫ್ರಿಕಾದ ಜನರನ್ನು ಗುಲಾಮರಾಗಿ ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ 1720ರ ಷೇರು ದಾಖಲೆಗಳಲ್ಲಿ ಅವರ ಹೆಸರಿದೆ. ಅಂದಿನ ಲಂಡನ್ನಿನ ಹಣವಂತರಲ್ಲಿ ಅನೇಕರು ಮಾಡಿದ್ದನ್ನೇ ಅವರೂ ಮಾಡಿದರು ಎನ್ನಬಹುದು. ಆದರೆ ಸೆರೆಯಾಳುಗಳ ಬಿಡುಗಡೆಯ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ.

ಎಡಗಣ್ಣು ಮಸುಕಾದ ದಿನ

1751ರ ಫೆಬ್ರವರಿ 13. ಹ್ಯಾಂಡೆಲ್ ‘ಜೆಫ್ತಾ’ ಎಂಬ ಒರಟೋರಿಯೊ ಬರೆಯುತ್ತಿದ್ದರು. ದೇವರ ತೀರ್ಮಾನಗಳು ಎಷ್ಟು ಕತ್ತಲು, ಮನುಷ್ಯರ ಕಣ್ಣಿಗೆ ಅವು ಕಾಣುವುದೇ ಇಲ್ಲ ಎಂಬ ಅರ್ಥದ ಕೋರಸ್‌ಗೆ ಬಂದಿದ್ದರು. ಅಲ್ಲಿ ಲೇಖನಿ ನಿಂತಿತು. ಎಡಗಣ್ಣು ಸೋತಿದ್ದರಿಂದ ಇಲ್ಲಿಗೆ ನಿಲ್ಲಿಸಬೇಕಾಯಿತು ಎಂದು ಪುಟದಲ್ಲೇ ಜರ್ಮನ್‌ನಲ್ಲಿ ಗುರುತು ಹಾಕಿದರು. ಹತ್ತು ದಿನದ ನಂತರ, 66ನೇ ಹುಟ್ಟುಹಬ್ಬದಂದು, ಸ್ವಲ್ಪ ವಾಸಿ ಎಂದು ಬರೆದು ಮುಂದುವರಿಸಿದರು. ಆಗಸ್ಟ್ ಕೊನೆಗೆ ಹೇಗೋ ಮುಗಿಸಿದರು. ಅದಾದ ಮೇಲೆ ಅಂಥ ಹೊಸ ದೊಡ್ಡ ಕೃತಿ ಬರೆಯಲಿಲ್ಲ.

ಆಗಿನ ಕಣ್ಣಿನ ಶಸ್ತ್ರಚಿಕಿತ್ಸೆ ಎಂದರೆ ಅರಿವಳಿಕೆ ಇಲ್ಲದೆ ಕಣ್ಣಿಗೆ ಸೂಜಿ ಚುಚ್ಚಿ ಪೊರೆಯನ್ನು ಪಕ್ಕಕ್ಕೆ ತಳ್ಳುವುದು. 1752ರಲ್ಲಿ ಅರಮನೆಯ ಶಸ್ತ್ರವೈದ್ಯರೊಬ್ಬರು ಪ್ರಯತ್ನಿಸಿದರು. 1753ರ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. 1758ರಲ್ಲಿ ಜಾನ್ ಟೇಲರ್ ಎಂಬ ಊರೂರು ಸುತ್ತುವ ಕಣ್ಣಿನ ವೈದ್ಯನೂ ಕೈ ಹಾಕಿದ. ಇದೇ ಟೇಲರ್ 1750ರಲ್ಲಿ ಜರ್ಮನಿಯಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರ ಕಣ್ಣಿಗೂ ಶಸ್ತ್ರಚಿಕಿತ್ಸೆ ಮಾಡಿದ್ದ. ಹ್ಯಾಂಡೆಲ್ ಹುಟ್ಟಿದ ವರ್ಷವೇ ಹುಟ್ಟಿದ ಬಾಖ್ ಕೂಡ ಕುರುಡಾಗಿ, ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದರು.

ಕಣ್ಣು ಹೋದರೂ ಹ್ಯಾಂಡೆಲ್ ಪ್ರದರ್ಶನ ಬಿಡಲಿಲ್ಲ. ಕೈ ಹಿಡಿದು ಆರ್ಗನ್ ಬಳಿ ಕೂರಿಸುತ್ತಿದ್ದರು, ನೆನಪಿನಿಂದಲೂ ಮನೋಧರ್ಮದಿಂದಲೂ ನುಡಿಸುತ್ತಿದ್ದರು. ‘ಸಾಮ್ಸನ್’ ಕೃತಿಯಲ್ಲಿ ಕಣ್ಣು ಕಿತ್ತಿಸಿಕೊಂಡ ನಾಯಕ ನಡುಮಧ್ಯಾಹ್ನದಲ್ಲೂ ತನಗೆ ಸೂರ್ಯನಿಲ್ಲ ಎಂದು ಹಾಡುವ ಭಾಗವಿದೆ. ‘ಮೆಸ್ಸೀಯ’ ಮುಗಿಸಿದ ಬೆನ್ನಲ್ಲೇ, ಕಣ್ಣು ನೆಟ್ಟಗಿದ್ದ ಕಾಲದಲ್ಲಿ ಬರೆದದ್ದು ಅದು. ಈಗ ಗಾಯಕ ಅದನ್ನು ಹಾಡುವಾಗ ಪಕ್ಕದಲ್ಲೇ ಕುರುಡ ಹ್ಯಾಂಡೆಲ್ ಕುಳಿತಿರುತ್ತಿದ್ದರು. ಸಭಿಕರು ಅಳುತ್ತಿದ್ದರು.

1759ರ ಏಪ್ರಿಲ್ 6ರಂದು ಕೊನೆಯ ಬಾರಿ ‘ಮೆಸ್ಸೀಯ’ ಪ್ರದರ್ಶನದಲ್ಲಿ ಪಾಲ್ಗೊಂಡರು. ಅಲ್ಲಿಂದ ಹಾಸಿಗೆ ಹಿಡಿದರು. ಶುಭ ಶುಕ್ರವಾರದಂದೇ ಪ್ರಾಣ ಹೋಗಲಿ ಎಂಬ ಆಸೆ ಅವರಿಗಿತ್ತಂತೆ. ಆ ದಿನ ದಾಟಿ, ಏಪ್ರಿಲ್ 14ರ ಶನಿವಾರ ಬೆಳಗ್ಗೆ ಬ್ರೂಕ್ ಸ್ಟ್ರೀಟ್‌ನ ಮನೆಯಲ್ಲಿ ಕೊನೆಯುಸಿರೆಳೆದರು. 74 ವರ್ಷ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಅಂತ್ಯಕ್ರಿಯೆಗೆ ಸುಮಾರು 3,000 ಜನ ಸೇರಿದ್ದರು.

ಬಿಟ್ಟುಹೋದ ಆಸ್ತಿ 20,000 ಪೌಂಡ್ ಸಮೀಪ. ಅದರಲ್ಲಿ 1,000 ಪೌಂಡ್ ಬಡ ಸಂಗೀತಗಾರರ ನಿಧಿಗೆ ಹೋಯಿತು. ಫೌಂಡ್ಲಿಂಗ್ ಆಸ್ಪತ್ರೆಗೆ ಬರೆದುಕೊಟ್ಟದ್ದು ‘ಮೆಸ್ಸೀಯ’ ಸ್ವರಲಿಪಿಯ ಒಂದು ಶುದ್ಧ ಪ್ರತಿ ಮತ್ತು ಎಲ್ಲ ವಾದ್ಯ, ದನಿಗಳ ಬಿಡಿ ಹಾಳೆಗಳು. ಅಂದರೆ ಮುಂದೆಯೂ ಅದನ್ನು ಹಾಡಿಸಿ ಹಣ ಕೂಡಿಸಲು ಬೇಕಾದ ಸರಂಜಾಮು. ಆ ವರ್ಷದ ಪ್ರದರ್ಶನ ಮೊದಲೇ ಗೊತ್ತಾಗಿತ್ತು, ಹ್ಯಾಂಡೆಲ್ ಅವರೇ ಮುಂದೆ ನಿಲ್ಲಬೇಕಿತ್ತು. ಅವರು ತೀರಿಕೊಂಡ ಮೂರನೇ ವಾರ, ಮೇ 3ರಂದು, ಶಿಷ್ಯ ಜಾನ್ ಕ್ರಿಸ್ಟೋಫರ್ ಸ್ಮಿತ್ ನಿರ್ದೇಶನದಲ್ಲಿ ಆ ಪ್ರಾರ್ಥನಾಲಯದಲ್ಲಿ ‘ಮೆಸ್ಸೀಯ’ ನಡೆಯಿತು.